ಪಶು ಆಸ್ಪತ್ರೆಯ ಟವೆಲ್ಲು

ನವಲಗುಂದ ತಾಲೂಕಿನ ಆ ಹಳ್ಳಿಯ ಪಶು ಆಸ್ಪತ್ರೆಗೆ ನಾನು ವೈದ್ಯಳಾಗಿ ಹೋದಾಗ ಅಲ್ಲಿ ನನ್ನನ್ನೂ ಸೇರಿಸಿ ನಾಲ್ಕು ಜನ ನೌಕರರಿದ್ದೆವು. ಬಚ್ಚಲುಮನೆ ಒಂದಿತ್ತು. ಅದರ ಗೋಡೆಗೆ ಒಂದು ಮೊಳೆ, ಮೊಳೆಗೊಂದು ಟವೆಲ್ಲು.

ಪಶುವೈದ್ಯರು ಕೈ ತೊಳೆಯುವುದೆಂದರೆ ಬೇರೆ ಕಚೇರಿಯವರು ತೊಳೆದ ಹಾಗಲ್ಲ. ಅವರದು ಬೆರಳಿನ ತುದಿಯ ವ್ಯವಹಾರ. ನಮ್ಮದು ಹೆಗಲಿನವರೆಗೆ. ಎಮ್ಮೆಯ ಗರ್ಭ ನೋಡಬೇಕಾದರೆ ಉದ್ದನೆಯ ಪ್ಲಾಸ್ಟಿಕ್ ಕೈಗವಸು ಹಾಕಿಕೊಳ್ಳುತ್ತೇವೆ ನಿಜ. ಆದರೆ ಅದು ಯಾವಾಗ ಹರಿಯಬಾರದೋ ಆಗಲೇ ಹರಿಯುತ್ತದೆ. ಹಾಗಾಗಿ ದಿನಕ್ಕೆ ಏಳೆಂಟು ಸಲ ಸಾಬೂನು ಹಚ್ಚಿ ಕೈ ತಿಕ್ಕಿ, ನೀರು ತೊಟ್ಟಿಕ್ಕಿಸುತ್ತಾ ನಾವೆಲ್ಲ ಆ ಮೊಳೆಯ ಕಡೆಗೇ ಹೋಗುತ್ತಿದ್ದೆವು.

ಆ ಟವೆಲ್ಲಿನ ಮೂಲ ಬಣ್ಣದ ಬಗ್ಗೆ ಆಸ್ಪತ್ರೆಯಲ್ಲಿ ಭಿನ್ನಾಭಿಪ್ರಾಯವಿತ್ತು. ನಮ್ಮ ಗಾಡಿಯ ಡ್ರೈವರ್ ಹಸಿರು ಎನ್ನುತ್ತಿದ್ದರು. ಕಾಂಪೌಂಡರ್ ಕಾಕಾ ನೀಲಿ ಎಂದು ಆಣೆ ಮಾಡುತ್ತಿದ್ದರು. ಬೇಸಿಗೆಯಲ್ಲಿ ಅದು ಎಷ್ಟು ಗಡುಸಾಗುತ್ತಿತ್ತೆಂದರೆ, ಮೊಳೆಯಿಂದ ತೆಗೆದ ಮೇಲೂ ಮೊಳೆಯ ಮೇಲಿದ್ದ ಆಕಾರದಲ್ಲೇ ನಿಂತಿರುತ್ತಿತ್ತು.

ಕಾಂಪೌಂಡರ್ ಕಾಕಾ ಎಂದರೆ ಸರ್ಕಾರಿ ಕಾಗದದಲ್ಲಿ ಪರಿವೀಕ್ಷಕರು. ಅದೇ ಊರಿನ ಹೊಲಮನೆ ಉಳ್ಳವರು. ಹಣೆಯ ತುಂಬ ವಿಭೂತಿ, ಹೆಗಲ ಮೇಲೆ ಇಸ್ತ್ರಿ ಮಾಡಿದ ಶಲ್ಯ. ಎತ್ತು ಗೇಟಿನ ಒಳಗೆ ನಾಲ್ಕು ಹೆಜ್ಜೆ ಇಡುವುದರೊಳಗೆ ಯಾವ ಕಾಲಿನ ಯಾವ ಗೊರಸಿಗೆ ಮುಳ್ಳು ಹೊಕ್ಕಿದೆ ಎಂದು ಹೇಳುತ್ತಿದ್ದರು. ನಿವೃತ್ತಿಗೆ ಎರಡು ವರ್ಷ ಬಾಕಿ ಇತ್ತು. ನಾಲ್ಕನೆಯವರು ನಾವೆಲ್ಲ ಚಿಗವ್ವ ಎಂದೇ ಕರೆಯುತ್ತಿದ್ದ ಹೆಂಗಸು. ಕಸ ಹೊಡೆಯುವುದು, ಔಷಧದ ಪೆಟ್ಟಿಗೆ ಜೋಡಿಸುವುದು, ದನ ಹಿಡಿಯುವುದು ಅವರ ಕೆಲಸ. ಕೆಳಗಿನ ಓಣಿಯ ಅವರ ಮನೆಯ ಪಡಸಾಲೆಯಲ್ಲಿ ದೊಡ್ಡದೊಂದು ಬುದ್ಧನ ಪಟವಿತ್ತು. ಒದೆಯುವ ಎಮ್ಮೆಯ ಕಿವಿಯಲ್ಲಿ ಚಿಗವ್ವ ಏನೋ ಹೇಳುತ್ತಿದ್ದರು, ಅದು ಸುಮ್ಮನಾಗುತ್ತಿತ್ತು. ಏನು ಹೇಳುತ್ತೀರಿ ಎಂದು ಎಷ್ಟು ಕೇಳಿದರೂ ಹೇಳಲಿಲ್ಲ.

ನಾನು ಹೋದ ಮೊದಲ ವಾರವೇ ಒಂದು ಸಂಗತಿ ನನ್ನ ಕಣ್ಣಿಗೆ ಬಿತ್ತು. ಚಿಗವ್ವ ಬಚ್ಚಲಿಗೆ ಬರುತ್ತಿರಲಿಲ್ಲ. ಹೊರಗಿನ ನಲ್ಲಿಯಲ್ಲಿ ಕೈ ತೊಳೆದು, ಸೆರಗಿಗೆ ಒರೆಸಿಕೊಂಡು ಕೆಲಸಕ್ಕೆ ಹೋಗುತ್ತಿದ್ದರು. ನಾನು ಆಗ ಹೊಸ ಹುರುಪಿನಲ್ಲಿದ್ದೆ.

"ಚಿಗವ್ವ, ಸೆರಗಿಗೆ ಒರಸಬಾರದ್ರಿ. ದನದ ಜಡ್ಡು ಮನಿ ತನಕ ಬರ್ತಾವ. ಒಳಗ ಟವೆಲ್ ಐತೆಲ್ಲ?"

"ಹೂಂನ್ರಿ ಬಾಯಾರ," ಎಂದು ನಕ್ಕರು.

ಮರುದಿನ ಮತ್ತೆ ಸೆರಗು. ನಾನು ಅವರನ್ನು ಕೂರಿಸಿಕೊಂಡು ಕಣ್ಣಿಗೆ ಕಾಣದ ಜೀವಿಗಳ ಬಗ್ಗೆ, ಒದ್ದೆ ಕೈಯಲ್ಲಿ ಅವು ಹೇಗೆ ಹೆಚ್ಚುತ್ತವೆಂಬುದರ ಬಗ್ಗೆ ಹತ್ತು ನಿಮಿಷ ಭಾಷಣ ಮಾಡಿದೆ. ಕಾಕಾ ಪಕ್ಕದಲ್ಲಿ ನಿಂತು ತಲೆದೂಗಿದರು. ಚಿಗವ್ವ ಪೂರ್ತಿ ಕೇಳಿ, "ಚಲೋ ಹೇಳಿದ್ರಿ," ಎಂದು ಎದ್ದು ಹೋದರು. ಹೋಗುವಾಗ ಕೈ ಸೆರಗಿನಲ್ಲೇ ಇತ್ತು.

ಚಳಿಗಾಲ ಬಂತು. ಆ ಕಾಲದಲ್ಲಿ ಕರುಗಳಿಗೆ ಗಜಕರ್ಣ ಆಗುವುದು ಸಾಮಾನ್ಯ. ಮುಖದ ಮೇಲೆ ಬೂದಿ ಬಳಿದಂತೆ ದುಂಡನೆಯ ಕಲೆಗಳಾಗುತ್ತವೆ. ಅವಕ್ಕೆ ಮುಲಾಮು ಹಚ್ಚಿ ಕಳಿಸುತ್ತಿದ್ದೆವು. ಒಂದು ದಿನ ಗಾಡಿಯಲ್ಲಿ ಹೋಗುವಾಗ ಡ್ರೈವರ್ ಒಂದು ಕೈಯಲ್ಲಿ ಸ್ಟೇರಿಂಗ್ ಹಿಡಿದು ಇನ್ನೊಂದರಿಂದ ಮೀಸೆಯ ಬಾಜು ಕೆರೆದುಕೊಳ್ಳುತ್ತಲೇ ಇದ್ದರು. ನೋಡಿದೆ. ಕೆನ್ನೆಯ ಮೇಲೆ ಸಣ್ಣ ಬಳೆಯಷ್ಟು ಕೆಂಪು ಉಂಗುರ.

"ಎಷ್ಟ ದಿನಾತ್ರಿ ಇದು?"

"ಹದಿನೈದ ದಿನಾ ಆತ್ರಿ. ಬ್ಲೇಡ್ ಬದಲಿ ಮಾಡೀನಿ, ಕಡಿಮಿ ಆಗವಲ್ದು."

ಆಸ್ಪತ್ರೆಗೆ ಬಂದು ಕಾಕಾರಿಗೆ ಹೇಳಿದೆ. ಅವರು ಗಂಭೀರವಾಗಿ ಕೇಳಿಕೊಂಡು, ಮೆಲ್ಲಗೆ ಶಲ್ಯ ಸರಿಸಿದರು. ಕುತ್ತಿಗೆಯ ಸುತ್ತ ಮೂರು ಉಂಗುರಗಳು. "ನಾ ಇದನ್ನ ಸೆಖಿ ಅಂತ ತಿಳಕೊಂಡಿದ್ದೆರಿ ಮೇಡಮ್ಮಾರ," ಎಂದರು. ಚಳಿಗಾಲದಲ್ಲಿ ಎಂಥ ಸೆಖೆ ಎಂದು ನಗುತ್ತಾ ನಾನು ತೋಳು ಮಡಚಿದೆ. ಮೊಳಕೈ ಕೆಳಗೆ ನನ್ನದೂ ಒಂದು, ದುಂಡಗೆ, ಪಾಠದ ಪುಸ್ತಕದ ಚಿತ್ರದ ಹಾಗೆ.

ಅರ್ಧ ಗಂಟೆಯ ನಂತರ ನಾವು ಮೂವರೂ ಹೊರಗಿನ ಕಟ್ಟೆಯ ಮೇಲೆ ಸಾಲಾಗಿ ಕೂತಿದ್ದೆವು. ಡ್ರೈವರ್ ಮುಖ ಮೇಲೆತ್ತಿ, ಕಾಕಾ ಅಂಗಿಯ ಗುಂಡಿ ಬಿಚ್ಚಿ, ನಾನು ತೋಳು ಮಡಚಿ. ಔಷಧದ ಅಂಗಡಿಯಿಂದ ತರಿಸಿದ ಮುಲಾಮನ್ನು ಒಬ್ಬರಾದ ಮೇಲೆ ಒಬ್ಬರು ಹಚ್ಚಿಕೊಳ್ಳುತ್ತಿದ್ದೆವು. ಆಕಳು ಹಿಡಿದುಕೊಂಡು ಬಂದ ರೈತನೊಬ್ಬ ಗೇಟಿನಲ್ಲಿ ನಿಂತು ಸ್ವಲ್ಪ ಹೊತ್ತು ನೋಡಿದ.

"ಡಾಕ್ಟರಬಾಯಾರ, ದನದ ಪಾಳಿ ಯಾವಾಗ್ರಿ?"

ಆಕಳು ನೋಡಿ ಕಳಿಸಿದ ಮೇಲೆ ನನ್ನ ತಲೆಯಲ್ಲಿ ಒಂದು ಪ್ರಶ್ನೆ ಕೊರೆಯತೊಡಗಿತು. ಕರುಗಳನ್ನು ನಮಗಿಂತ ಹೆಚ್ಚು ಮುಟ್ಟುವವರು ಚಿಗವ್ವ. ಕುತ್ತಿಗೆಗೆ ತೋಳು ಹಾಕಿ ಅಪ್ಪಿಕೊಂಡೇ ಹಿಡಿಯುತ್ತಾರೆ. ಅವರಿಗೆ ಮೈತುಂಬ ಆಗಿರಬೇಕಿತ್ತು.

"ಚಿಗವ್ವ, ಕೈ ತೋರಸ್ರಿ."

ತೋರಿಸಿದರು. ಎರಡೂ ತೋಳು, ಕುತ್ತಿಗೆ, ಎಲ್ಲ ಸ್ವಚ್ಛ.

"ನಿಮಗ್ಯಾಕ ಬಂದಿಲ್ರಿ?"

"ನಾ ಆ ಟವೆಲ್ ಮುಟ್ಟೂದಿಲ್ಲಲ್ರಿ."

"ಯಾಕ?"

ಚಿಗವ್ವ ಕಸಬರಿಗೆ ಗೋಡೆಗೆ ಒರಗಿಸಿದರು. ಹಳೆಯ ಒಂದು ತಮಾಷೆ ಹೇಳುವವರಂತೆ ನಗುತ್ತಲೇ ಹೇಳಿದರು. "ನೌಕರಿ ಹತ್ತಿದ ಹೊಸತರಾಗ ಮುಟ್ಟಿದ್ದೆರಿ. ಒಂದ ಸಲ. ಮರದಿನಾ ಮುಂಜಾನೆ ಬಂದ್ರ ಮೊಳಿಗೆ ಹೊಸಾ ಟವೆಲ್ ಬಂದಿತ್ತು. ಹಳೇದನ್ನ ನನ್ನ ಕೈಯಾಗ ಕೊಟ್ಟು, ನೀ ಮನಿಗೆ ಒಯ್ಯಿ ಅಂದ್ರು. ಅಗದಿ ಚಲೋ ಟವೆಲ್ ಇತ್ರಿ ಅದು. ಎರಡ ವರ್ಷ ವಾಪರಿಸಿದ್ವಿ ಮನ್ಯಾಗ."

ಕೊಟ್ಟವರು ಯಾರೆಂದು ಅವರು ಹೇಳಲಿಲ್ಲ. ನಾನೂ ಕೇಳಲಿಲ್ಲ. ಆಸ್ಪತ್ರೆಯಲ್ಲಿ ಅಷ್ಟು ಹಳೆಯ ನೌಕರರು ಒಬ್ಬರೇ ಇದ್ದರು, ಮತ್ತು ಅವರು ಮುಲಾಮು ಹಚ್ಚಿದ ಕುತ್ತಿಗೆಯನ್ನು ಯಾವ ಕಡೆಗೂ ತಿರುಗಿಸಲಾಗದೆ ನಮ್ಮ ಮುಂದೆಯೇ ಕೂತಿದ್ದರು.

ಸ್ವಲ್ಪ ಹೊತ್ತಿಗೆ ಕಾಕಾ ಎದ್ದು, "ಆ ಎತ್ತ ನೋಡಿ ಬರ್ತೇನಿ," ಎಂದು ಹೋದರು. ಅಂದು ಆಸ್ಪತ್ರೆಗೆ ಎತ್ತು ಬಂದಿರಲಿಲ್ಲ. ಡ್ರೈವರ್ ಗಾಡಿಯ ಟೈರನ್ನು ಬಹಳ ಆಸಕ್ತಿಯಿಂದ ನೋಡತೊಡಗಿದರು.  ಕಣ್ಣಿಗೆ ಕಾಣದ ಜೀವಿಗಳ ಬಗ್ಗೆ ನಾನು ಮಾಡಿದ ಹತ್ತು ನಿಮಿಷದ ಭಾಷಣದ ಒಂದೊಂದು ಶಬ್ದವೂ ನೆನಪಾಯಿತು. ನಾನೂ ಕಾಕಾರಂಥದೇ ಮನೆಯಲ್ಲಿ ಹುಟ್ಟಿದವಳು. ಆರು ತಿಂಗಳಿನಿಂದ ಆ ಮೊಳೆಯನ್ನು ದಿನಾ ನೋಡುತ್ತಿದ್ದೆ. ಕಾಣಬೇಕಾದ್ದು ನನಗೂ ಕಂಡಿರಲಿಲ್ಲ.

ಟವೆಲ್ಲನ್ನು ಇಕ್ಕಳದಲ್ಲಿ ಹಿಡಿದು ಹಿತ್ತಲಿಗೆ ಒಯ್ದು ಸುಟ್ಟೆ. ಬಹಳ ಹೊತ್ತು ಹೊಗೆಯಾಡಿತು. ಡ್ರೈವರ್ ದೂರದಲ್ಲಿ ನಿಂತು, "ಹಸರನ ಇತ್ತು ನೋಡ್ರಿ, ಒಳಗಿನ ಎಳಿ ನೋಡ್ರಿ," ಎಂದರು.

ಆಮೇಲೆ ನನಗೆ ಕೈ ಒರೆಸುವುದೇ ಒಂದು ಹಟವಾಯಿತು. ಮೊದಲು ನಾಲ್ಕು ಮೊಳೆ ಹೊಡೆಸಿ ನಾಲ್ಕು ಟವೆಲ್ಲು ತಂದೆ. ಯಾರದು ಅವರಿಗೆ. ಮೂರನೆಯ ದಿನ ಕಾಲಿನ ಗಾಯಕ್ಕೆಂದು ತಂದಿದ್ದ ಒಂದು ಹೋತ ಹಗ್ಗ ಬಿಚ್ಚಿಕೊಂಡು ಬಚ್ಚಲು ಹೊಕ್ಕು ಮೂರೂವರೆ ಟವೆಲ್ಲು ತಿಂದಿತು. ಉಳಿದ ಅರ್ಧ ನನ್ನದು. ಮುಂದಿನ ಎರಡು ದಿನ ಅದರ ಹೊಟ್ಟೆ ನೋಡುವುದೇ ಕೆಲಸವಾಯಿತು. ಕಾಗದದ ಸುರುಳಿ ತಂದರೆ ಅದು ಒದ್ದೆ ತೋಳಿಗೆ ಅಂಟಿ, ತೋಳು ಗಣಪತಿಯ ಮೂರ್ತಿಗೆ ಕಾಗದ ಮೆತ್ತಿದ ಹಾಗೆ ಕಾಣುತ್ತಿತ್ತು.

ಆ ವರ್ಷ ಊರಿನ ಹಾಲಿನ ಸಂಘದವರು ಆಸ್ಪತ್ರೆಗೆ ಏನಾದರೂ ಕಾಣಿಕೆ ಕೊಡುತ್ತೇವೆ ಎಂದರು. ಕಾಕಾ ಕುರ್ಚಿ ಕೇಳೋಣ ಎಂದರು. ಅವರ ಮಾತು ಕೇಳಬೇಕಿತ್ತು. ನಾನು ಕೈ ಒಣಗಿಸುವ ಯಂತ್ರ ಕೇಳಿದೆ. ಕೈ ಒಡ್ಡಿದರೆ ತಾನೇ ಬಿಸಿಗಾಳಿ ಊದುವಂಥದ್ದು.

ನವಲಗುಂದದಿಂದ ಎಲೆಕ್ಟ್ರಿಷಿಯನ್ ಬಂದು ಅದನ್ನು ಗೋಡೆಗೆ ಕೂರಿಸಿದ. ಕಾಕಾ ಯಂತ್ರಕ್ಕೆ ವಿಭೂತಿ ಹಚ್ಚಿ, ಊದುಬತ್ತಿ ಬೆಳಗಲು ಕೈ ಮುಂದೆ ಮಾಡಿದರು. ಯಂತ್ರ ಅದನ್ನು ಒದ್ದೆ ಕೈ ಎಂದೇ ತಿಳಿದು ವಿಭೂತಿ, ಬೂದಿ, ಹೊಗೆ ಎಲ್ಲವನ್ನೂ ಅವರ ಕಣ್ಣಿಗೆ ಊದಿತು. ಅದರ ಗರ್ಜನೆಗೆ ಹೊರಗೆ ಕಟ್ಟಿದ್ದ ಎಮ್ಮೆಯೊಂದು ಗೂಟ ಸಮೇತ ಓಡಿ, ಹೆಸರಿನ ಹೊಲದಲ್ಲಿ ಸಿಕ್ಕಿತು.

ಯಂತ್ರ ಕೆಟ್ಟದ್ದೇನೂ ಇರಲಿಲ್ಲ. ಅದನ್ನು ಮಾಡಿದವರಿಗೆ ಕೈ ಎಂದರೆ ಮಣಿಕಟ್ಟಿನವರೆಗೆ ಎಂಬ ನಂಬಿಕೆ ಇತ್ತು, ಅಷ್ಟೆ. ನಾನು ಹೆಗಲು ಒಣಗಿಸಿಕೊಳ್ಳಲು ಅದರ ಕೆಳಗೆ ಮಂಡಿಯೂರಿ, ಸೊಂಟ ತಿರುಚಿ, ಒಂದು ಕೈ ಮೇಲೆ ಚಾಚಬೇಕಾಗುತ್ತಿತ್ತು. ಒಮ್ಮೆ ಬಾಗಿಲು ತೆರೆದ ಡ್ರೈವರ್, "ಯೋಗಾ ಮುಗಸ್ರಿ, ಆಮ್ಯಾಲ ಬರ್ತೇನಿ," ಎಂದು ಮುಚ್ಚಿದರು.

ಹೀಗಿರುವಾಗ ಒಂದು ಮಧ್ಯಾಹ್ನ ಜೋರು ಮಳೆ ಹಿಡಿಯಿತು. ಎರೆಮಣ್ಣಿನ ದಾರಿ ಕಾಲಿಗೆ ಸೇರುಗಟ್ಟಲೆ ಮೆತ್ತಿಕೊಳ್ಳುವ ಹೊತ್ತಿನಲ್ಲಿ ತಿರ್ಲಾಪುರದ ಕಡೆಯ ಕುರಿಗಾಹಿಯೊಬ್ಬರು ಕಂಬಳಿಯಲ್ಲಿ ಏನೋ ಸುತ್ತಿಕೊಂಡು ಬಂದರು. ಬಿಚ್ಚಿದರೆ ಆಗತಾನೇ ಹುಟ್ಟಿದ ಎರಡು ಕುರಿಮರಿಗಳು. ತೊಯ್ದು ತಣ್ಣಗಾಗಿದ್ದವು. ಒಂದರ ಕತ್ತು ಜೋತುಬಿದ್ದಿತ್ತು.

"ಬೆಚ್ಚಗ ಮಾಡಬೇಕ್ರಿ, ಇಲ್ಲಂದ್ರ ಸತ್ತ ಹೊಕ್ಕಾವು," ಎಂದರು ಕಾಕಾ. ಒಲೆ ಇರಲಿಲ್ಲ. ಒಣ ಗೋಣಿಚೀಲ ಒಂದೂ ಇರಲಿಲ್ಲ.

ಚಿಗವ್ವ ನನ್ನ ಮುಖ ನೋಡಿದರು. "ಬಾಯಾರ, ಆ ಊದೂ ಮಶೀನಿನ ಬುಡಕ ಹಿಡಿಯೂಣೇನ್ರಿ?"

ಹಿಡಿದೆವು. ಚಿಗವ್ವ ಒಂದನ್ನು, ಕುರಿಗಾಹಿ ಒಂದನ್ನು. ಯಂತ್ರ ಗರ್ಜಿಸಿತು. ಆಸ್ಪತ್ರೆಯ ಲೈಟೆಲ್ಲ ಮಂಕಾದವು. ಕಾಲು ಗಂಟೆಯಲ್ಲಿ ಒಂದು ಮರಿ ಸೀನಿತು. ಮತ್ತೆ ಸ್ವಲ್ಪ ಹೊತ್ತಿಗೆ ಕತ್ತು ಜೋತಿದ್ದ ಮರಿ ತಲೆಯೆತ್ತಿ, ಚಿಗವ್ವನ ಬೆರಳು ಚೀಪತೊಡಗಿತು. ಕುರಿಗಾಹಿ ಯಂತ್ರಕ್ಕೆ ಕೈಮುಗಿದರು. ಆ ಯಂತ್ರ ಬಂದ ಮೇಲೆ ನನಗೆ ಮನಸ್ಸು ತುಂಬಿದ್ದು ಅದೇ ಮೊದಲು.

ಸುದ್ದಿ ಹಬ್ಬಲು ತಡವಾಗಲಿಲ್ಲ. ಆ ಮಳೆಗಾಲವೆಲ್ಲ ತೊಯ್ದ ಕುರಿಮರಿ, ಆಡಿನ ಮರಿ, ಬುಟ್ಟಿ ತುಂಬ ಕೋಳಿಮರಿ ಬಂದವು. ಹಪ್ಪಳ ತಂದವರೊಬ್ಬರಿದ್ದರು. ಅವರನ್ನು ಮಾತ್ರ ವಾಪಸ್ ಕಳಿಸಿದೆವು.

ಅಂಥದೇ ಒಂದು ದಿನ ಧಾರವಾಡದಿಂದ ಮೇಲಧಿಕಾರಿಗಳು ತಪಾಸಣೆಗೆ ಬಂದರು. ಕಡತ ನೋಡಿದರು, ಔಷಧದ ಕಪಾಟು ನೋಡಿದರು. ಕೈ ತೊಳೆಯಬೇಕು ಎಂದು ಎದ್ದರು.  ನಾನು ಏನಾದರೂ ಹೇಳುವ ಮೊದಲೇ ಬಾಗಿಲು ತೆರೆದರು. ಒಳಗೆ ಕುರಿಗಾಹಿ ಯಂತ್ರದ ಕೆಳಗೆ ಕುಕ್ಕರಗಾಲಲ್ಲಿ ಕೂತಿದ್ದರು. ಎರಡೂ ಕಂಕುಳಲ್ಲಿ ಮರಿಗಳು.

"ಏನ್ರಿ ಇದು?"

"ಆರಸಾಕತ್ತೇನ್ರಿ ಸಾಹೇಬ್ರ. ನೀವು ಕೈ ತೊಳಕೋರಿ. ಈ ಒಂದರ ಹಿಂಬದಿ ಉಳದೈತಿ, ಆಮ್ಯಾಲ ನಿಮ್ದು."

ಸಾಹೇಬರು ಕೈ ತೊಳೆದರು. ಒದ್ದೆ ಕೈ ಎದೆಯ ಮುಂದೆ ಹಿಡಿದು ತಮ್ಮ ಪಾಳಿಗೆ ಕಾದರು. ಹಿಂಬದಿ ಬೇಗ ಒಣಗಲಿಲ್ಲ. ಕೊನೆಗೆ ಜೇಬಿನಿಂದ ಕರವಸ್ತ್ರ ತೆಗೆದು ಒರೆಸಿಕೊಂಡರು. ಅದೇ ಕರವಸ್ತ್ರದಿಂದ ಅವರು ಸ್ವಲ್ಪ ಮುಂಚೆ ಬೂಟಿನ ಮೇಲಿನ ಎರೆಮಣ್ಣು ಒರೆಸಿದ್ದನ್ನು ನಾನು ನೋಡಿದ್ದೆ. 

ನೋಟಿಸು ಬರುತ್ತದೆ ಎಂದು ಕಾಯುತ್ತಿದ್ದೆ. ವರದಿ ಬಂತು. ಅದರಲ್ಲಿ, ಸದರಿ ಯಂತ್ರವು ಇಲಾಖೆಯ ಉದ್ದೇಶಕ್ಕೇ ಬಳಕೆಯಾಗುತ್ತಿರುವುದು ಕಂಡುಬಂದಿದ್ದು, ಅದನ್ನು ಬಚ್ಚಲುಮನೆಯಿಂದ ಜಾನುವಾರು ಕೊಠಡಿಗೆ ಸ್ಥಳಾಂತರಿಸತಕ್ಕದ್ದು ಎಂದು ಬರೆದಿದ್ದರು. ಸ್ಥಳಾಂತರಿಸಿದೆವು. ಮರಿಗಳು ಬದುಕಿದವು. ನಮ್ಮ ಕೈಗಳು ಮತ್ತೆ ಒದ್ದೆಯಾಗಿಯೇ ಉಳಿದವು.

ಈ ಸಲ ದಾರಿ ತೋರಿಸಿದವರು ಚಿಗವ್ವ. ಒಂದು ಮಧ್ಯಾಹ್ನ ಬುತ್ತಿ ಬಿಚ್ಚಿ ಕೂತಾಗ ಹೇಳಿದರು.

"ಮೊಮ್ಮಗಾ ಹುಟ್ಟಿದಾಗ ನಮ್ಮ ಸೊಸಿ ಮಾದರಪಾಟಿನ ಸಣ್ಣ ಸಣ್ಣ ಅರಿವಿ ಮಾಡಿಟ್ಟಿದ್ಲರಿ. ಒಂದ ಸಲ ಒರಸೂದು, ಬುಟ್ಟಿಗೆ ಹಾಕೂದು. ಸಂಜಿಗೆ ಒಗದು, ಕುದಿಸಿ, ಬಿಸಲಿಗೆ ಹಾಕೂದು. ಕೂಸಿಗೆ ಒಂದ ಗುಳ್ಳಿ ಏಳಲಿಲ್ಲ. ಇಲ್ಲೂ ಹಂಗ ಮಾಡೂಣಲ್ಲ?"

ನನ್ನ ಕೈಯಲ್ಲಿನ ರೊಟ್ಟಿ ಹಾಗೆಯೇ ನಿಂತಿತು. ಅಲ್ಲೇ ಸೂಜಿ ಕುದಿಸುವ ದೊಡ್ಡ ಡಬ್ಬಿ ಇತ್ತು. ಹೊರಗೆ ವರ್ಷದ ಎಂಟು ತಿಂಗಳು ಬಿಸಿಲಿತ್ತು.

"ಆದ್ರ ಒಂದ ಮಾತರಿ," ಎಂದರು ಚಿಗವ್ವ. ಈಗ ನಗುತ್ತಿರಲಿಲ್ಲ. "ಎಲ್ಲಾರೂ ಒರಸಿದ್ದನ್ನ ನಾ ಒಬ್ಬಾಕಿನ ಒಗ್ಯಾಕಿ ಅಲ್ಲ. ಪಾಳಿ ಹಚ್ರಿ."

 ನಾನು ಕಾಕಾರ ಕಡೆ ನೋಡದಿರಲು ಪ್ರಯತ್ನಿಸಿದೆ. ಅವರು ಬಹಳ ಹೊತ್ತು ಉಪ್ಪಿನಕಾಯಿಯ ಹೋಳನ್ನು ಪರೀಕ್ಷಿಸಿದರು.

"ಸೋಮವಾರ ಪೂಜಿ ತಡಾ ಆಕ್ಕೈತಿ," ಎಂದರು ಕೊನೆಗೆ. "ಗುರುವಾರ ನಂಗಿರ್ಲಿ."

ನವಲಗುಂದಕ್ಕೆ ಜಮಖಾನೆ ನೇಯಲು ಹೋಗುತ್ತಿದ್ದ ಚಿಗವ್ವನ ಸೊಸೆ ಬಟ್ಟೆ ತುಂಡುಗಳ ಅಂಚು ಹೊಲಿದು ಕೊಟ್ಟರು. ಒಂದು ಸ್ವಚ್ಛ ಡಬ್ಬಿ, ಒಂದು ಹೊಲಸು ಬುಟ್ಟಿ. ಮೊದಲ ಗುರುವಾರ ಕಾಕಾ ಪಂಚೆ ಮೇಲೆ ಕಟ್ಟಿ ನಲ್ಲಿಯ ಮುಂದೆ ಕೂತರು. ಜೀವನದಲ್ಲಿ ತಮ್ಮ ಬನಿಯನ್ನನ್ನೂ ಒಗೆದವರಲ್ಲ. ಸಾಬೂನಿನ ಪುಡಿಯ ಪೂರ್ತಿ ಪೊಟ್ಟಣ ಸುರಿದರು. ನೊರೆ ಬಚ್ಚಲು ತುಂಬಿ, ಹೊಸ್ತಿಲು ದಾಟಿ, ಲಸಿಕೆಯ ಕೋಣೆಯವರೆಗೆ ಬಂತು. ಹಿಂಡುವಾಗ ಬಟ್ಟೆಯನ್ನು ಎರಡು ಬೆರಳಲ್ಲಿ ಹಿಡಿದು ಮೇಲಿಂದ ಕೆಳಗೆ ಎಳೆಯುತ್ತಿದ್ದರು.

"ಕಾಕಾ, ಹಾಲ ಹಿಂಡಿದಂಗ ಹಿಂಡಬ್ಯಾಡ್ರಿ," ಎಂದರು ಚಿಗವ್ವ. "ತಿರುವಿ ಹಿಂಡ್ರಿ, ತಿರುವಿ."

ಎರಡನೆಯ ಗುರುವಾರ ಕಾಕಾರ ಹೆಂಡತಿ ಆಸ್ಪತ್ರೆಗೆ ಬಂದರು. ಕೈಯಲ್ಲಿ ಹಗ್ಗ ಇರಲಿಲ್ಲ, ದನವೂ ಇರಲಿಲ್ಲ.

"ಮನ್ಯಾಗ ತಾ ಕುಡದ ವಾಟಗಾ ತೊಳಿಯಲಾರದಾಂವಾ ಇಲ್ಲಿ ಅರಿವಿ ಒಗೀತಾನಂತ, ಖರೇನ್ರಿ ಬಾಯಾರ?" ಎಂದು ಕೇಳಿದರು. ಖರೆ ಎಂದೆ. ಅವರು ಕಟ್ಟೆಯ ಮೇಲೆ ಕೂತು ಎಲೆಯಡಿಕೆ ಬಿಚ್ಚಿದರು. ಕಾಕಾ ಕೊನೆಯ ಬಟ್ಟೆ ಹಿಂಡಿ ತಂತಿಗೆ ಹಾಕುವವರೆಗೆ ಕಣ್ಣು ಕದಲಿಸದೆ ನೋಡಿದರು. ಎದ್ದು ಹೋಗುವಾಗ, "ನಾಳಿಂದ ಮನ್ಯಾಗೂ ಒಂದ ಬುಟ್ಟಿ ಇಡ್ತೇನಿ," ಎಂದರು.

ಹೀಗೆ ಕೆಲವು ತಿಂಗಳು ಕಳೆದ ಮೇಲೆ ಒಂದು ದಿನ ಕರು ಅಡ್ಡಲಾಗಿದ್ದ ಎಮ್ಮೆ ಬಂತು. ಮೂರು ತಾಸು ಒದ್ದಾಡಿದೆವು. ನಾನು ಒಳಗೆ ಕೈ ಹಾಕಿ ತಿರುಗಿಸುವುದು, ಕಾಕಾ ಹಗ್ಗ ಎಳೆಯುವುದು, ಚಿಗವ್ವ ಎಮ್ಮೆಯ ಕಿವಿಯ ಹತ್ತಿರ. ಕೊನೆಗೆ ಕರು ಜೀವಂತ ಹೊರಗೆ ಬಿತ್ತು. ನಾವೆಲ್ಲ ಸುಸ್ತಾಗಿ ಹೊರಗಿನ ನಲ್ಲಿಯ ಹತ್ತಿರ ಬಂದೆವು. ಚಿಗವ್ವ ಮೊದಲು ತೊಳೆದು, ಡಬ್ಬಿಯಿಂದ ಒಂದು ಅರಿವಿ ತೆಗೆದು ಕೈ ಒರೆಸಿಕೊಂಡರು. ಇನ್ನೇನು ಬುಟ್ಟಿಗೆ ಹಾಕಬೇಕು, ಕಾಕಾ ಕೈ ಚಾಚಿ ಅದನ್ನು ಅವರ ಕೈಯಿಂದಲೇ ತೆಗೆದುಕೊಂಡರು.

"ಕಾಕಾ!" ನಾನು ಕೂಗಿದೆ. "ಬಳಸಿದ್ದರಿ ಅದು! ಹೊಸಾದ ತಗೋರಿ, ಡಬ್ಬಿ ತುಂಬ ಅದಾವ!"

ಅವರು ನನ್ನ ಕಡೆ ನೋಡಲಿಲ್ಲ. ಒಂದೊಂದೇ ಬೆರಳು ಒರೆಸಿದರು. ಮೊಳಕೈ ಒರೆಸಿದರು. ಆಮೇಲೆ ಮುಖ.

"ಇರ್ಲಿ ಬಿಡ್ರಿ ಮೇಡಮ್ಮಾರ," ಎಂದರು.

ಆಗ ನನಗೆ ಅರ್ಥವಾಯಿತು.  ಚಿಗವ್ವ ಕಾಕಾರನ್ನು ಒಂದಿಷ್ಟು ಹೊತ್ತು ನೋಡಿದರು, ಎಮ್ಮೆಯನ್ನು ನೋಡುವ ಹಾಗೆ, ಅಳೆದು.

"ಗಜಕರ್ಣ ಬಂದ್ರ ನನ್ನ ಮ್ಯಾಲ ಹಾಕಬ್ಯಾಡ್ರಿ ಮತ್ತ."

ಕಾಕಾ ನಕ್ಕುಬಿಟ್ಟರು. ಚಿಗವ್ವನೂ ನಕ್ಕರು. ಆ ವಿಷಯ ಆಮೇಲೆ ಆಸ್ಪತ್ರೆಯಲ್ಲಿ ಯಾರೂ ಎತ್ತಲಿಲ್ಲ. ಒಂದು ಅರಿವಿಯಿಂದ ಎಲ್ಲ ಸರಿಹೋಯಿತೆಂದು ನಾನು ಹೇಳಲಾರೆ. ಚಿಗವ್ವನೂ ಹಾಗೆ ಅಂದುಕೊಂಡಿರಲಿಲ್ಲ ಎನಿಸುತ್ತದೆ. ಆದರೆ ಮರುದಿನದಿಂದ ಅವರು ಹೊರಗಿನ ನಲ್ಲಿ ಬಿಟ್ಟು ಒಳಗಿನ ನಲ್ಲಿಗೆ ಬರತೊಡಗಿದರು, ಮತ್ತು ಕಾಕಾ ಒಳಗಿದ್ದರೆ, "ಲಗೂನ ಬರ್ರಿ ಹೊರಗ," ಎಂದು ಬಾಗಿಲು ಬಡಿಯುತ್ತಿದ್ದರು.

ಕಾಕಾ ನಿವೃತ್ತರಾದರು. ನಾನೀಗ ಕಲಘಟಗಿ ಕಡೆ, ಬಮ್ಮಿಗಟ್ಟಿಯ ಹತ್ತಿರದ ಆಸ್ಪತ್ರೆಯಲ್ಲಿದ್ದೇನೆ. ಇಲ್ಲಿಯೂ ಅರಿವಿ, ಡಬ್ಬಿ, ಬುಟ್ಟಿ ಮಾಡಿದ್ದೇನೆ. ಪಾಳಿ ಹಚ್ಚಲು ಮಾತ್ರ ಒಂದು ತಿಂಗಳು ಜಗಳವಾಡಬೇಕಾಯಿತು. ಮೊನ್ನೆ ಚಿಗವ್ವ ಫೋನ್ ಮಾಡಿದ್ದರು.

"ಅಲ್ಲಿ ಯಾರ ಒಗೀತಾರ್ರಿ?"

"ಶನಿವಾರ ನಾನ ಒಗೀತೇನಿ ಚಿಗವ್ವ."

"ತಂತಿಗೆ ಹಾಕೂ ಮುಂದ ಜಾಡಸ್ರಿ," ಎಂದರು. "ಮುದ್ದಿ ಆಗಿ ಒಣಗಿದ್ರ ನೀರ ಹೀರೂದಿಲ್ಲ ಅವು."